ಸೋಮವಾರ ಎತ್ತು ಹೂಡಿದ ಊರು

"ಸೋಮವಾರಾ?"

ಪಕ್ಕದ ಮನೆಯ ದುಂಡಪ್ಪ ಕಾಕಾ ತುಟಿಯವರೆಗೆ ಒಯ್ದಿದ್ದ ಚಹಾದ ಬಸಿಯನ್ನು ಹಾಗೇ ಕೆಳಗಿಟ್ಟರು.

"ಇನ್ನೊಮ್ಮೆ ಓದ ನೋಡೋಣು, ದಾಕ್ಷಾಯಿಣಿ. ನನ್ನ ಕಿವಿ ಕೆಟ್ಟಾವೋ, ನಿನ್ನ ಕಣ್ಣ ಕೆಟ್ಟಾವೋ ತಿಳಿವಲ್ತು."

ನಾನು ಮತ್ತೊಮ್ಮೆ ಓದಿದೆ. ಪರಿಸರ ಪರಿಶೀಲನಾ ವರದಿ, ಪುಟ ನಲವತ್ತೊಂದು. "ಸೋಮವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಮಸಗುಪ್ಪಿಯ ತೋಟದ ವಸತಿಯಲ್ಲಿ ತುರ್ತು ಸ್ಥಳಾಂತರ ತಾಲೀಮು ನಡೆಸಲಾಯಿತು. ಮೂವತ್ತನಾಲ್ಕು ಎತ್ತಿನ ಗಾಡಿಗಳಲ್ಲಿ ಇನ್ನೂರ ಹನ್ನೆರಡು ಜನ ಐವತ್ತೆರಡು ನಿಮಿಷಗಳಲ್ಲಿ ವಸತಿ ತೆರವು ಮಾಡಿದರು. ಆದ್ದರಿಂದ ಸುರಕ್ಷತಾ ನಿಯಮದ ವಿನಾಯಿತಿಯಿಂದ ಜನ, ಜಾನುವಾರು, ನೀರು, ಬೆಳೆ ಯಾವುದಕ್ಕೂ ಗಣನೀಯ ಹಾನಿಯಿಲ್ಲ. ಸಹಿ, ಶಿವಕುಮಾರ, ಪರಿಶೀಲಕ."

ಕಾಕಾ ನಗಲಿಲ್ಲ. ಅವರ ಮುಖದಲ್ಲಿ ಬಂದದ್ದು ಸಿಟ್ಟು.

"ಸೋಮವಾರ ಬಸವಣ್ಣನ ಹೆಗಲ ಮ್ಯಾಲ ನೊಗಾ ಇಡ್ತಾರೇನ? ಎಪ್ಪತ್ತಾರು ವರ್ಷ ಆತು ನನಗ, ಒಂದ ಸೋಮವಾರ ಕೊಳ್ಳ ಕಟ್ಟಿಲ್ಲ. ನಮ್ಮಪ್ಪ ಸತ್ತದ್ದೂ ಸೋಮವಾರ. ಬೀಗರಿಗೆ ಸುದ್ದಿ ಹೇಳಾಕ ಹನ್ನೊಂದ ಮೈಲ ನಡಕೊಂಡ ಹೋದೆ. ಎತ್ತು ಮನ್ಯಾಗ ನಿಂತಿದ್ವು."

ನನಗೆ ಕುಣಿಯಬೇಕು ಅನ್ನಿಸಿತು. ಅರವತ್ತೊಂದರ ಮೊಣಕಾಲು ಬಿಡಲಿಲ್ಲ.

ಬೆಲ್ಲದ ಬಾಗೇವಾಡಿಯ ಶಿವಕುಮಾರ ಕಾಣೆಯಾಗಿ ಅಂದಿಗೆ ಹದಿನೆಂಟು ದಿನ. ಅದೇ ಸೋಮವಾರ ಬೆಳಿಗ್ಗೆ ಮೋಟಾರ್ ಸೈಕಲ್ ಹತ್ತಿ ಮನೆ ಬಿಟ್ಟವನು ತಿರುಗಿ ಬಂದಿರಲಿಲ್ಲ. ಪೊಲೀಸರು ಮಾತ್ರ ನಿಶ್ಚಿಂತರಾಗಿದ್ದರು. ವರದಿಗೆ ಅವನು ಸಹಿ ಮಾಡಿದ್ದು ಬುಧವಾರ. ಸೋಮವಾರ ಕಾಣೆಯಾದವನು ಬುಧವಾರ ಸಹಿ ಮಾಡಿದ್ದಾನೆಂದರೆ ಬದುಕಿದ್ದಾನೆ, ಬದುಕಿದ್ದಾನೆಂದರೆ ತನ್ನಿಷ್ಟದಿಂದ ಎಲ್ಲೋ ಹೋಗಿದ್ದಾನೆ, ಕಡತ ಮುಚ್ಚಿರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ನಾನೂ ಮೂವತ್ತೊಂದು ವರ್ಷ ಅದೇ ಖಾತೆಯಲ್ಲಿ ಹೆಡ್ ಕಾನ್ಸ್ಟೇಬಲ್ ಆಗಿ ಪಗಾರ ತಿಂದವಳು, ಆದ್ದರಿಂದ ಹೇಳುವ ಹಕ್ಕಿದೆ.

ಕರಿಕಲ್ಲ ಗುಡ್ಡದ ಖಾಸಗಿ ಅಣುವಿದ್ಯುತ್ ಸ್ಥಾವರ ಶುರುವಾಗಿ ನಾಲ್ಕು ತಿಂಗಳು. ಚಿಕ್ಕ ಸ್ಥಾವರ, ಹೊಸ ಮಾದರಿ, ಏನೂ ಆಗುವುದಿಲ್ಲ ಎಂಬುದು ಕಂಪನಿಯ ಮಾತು. ನಿಯಮದ ಪ್ರಕಾರ ಸುತ್ತ ಹದಿನಾರು ಕಿಲೋಮೀಟರ್‌ವರೆಗೆ ಸೈರನ್ ಇರಬೇಕು, ಔಷಧಿ ದಾಸ್ತಾನು ಇರಬೇಕು, ಜನರನ್ನು ಸಾಗಿಸುವ ಏರ್ಪಾಡು ಇರಬೇಕು. ಕಂಪನಿ ಅದರಿಂದ ವಿನಾಯಿತಿ ಕೇಳಿತ್ತು. ಹದಿನಾರು ಬೇಡ, ಒಂದು ಕಿಲೋಮೀಟರ್ ಸಾಕು ಎಂದು. ತಾತ್ಕಾಲಿಕವಾಗಿ ಅದು ಸಿಕ್ಕೂ ಇತ್ತು. ಕಾಯಂ ಆಗಬೇಕಾದರೆ ಆ ವಿನಾಯಿತಿಯಿಂದ ಪರಿಸರಕ್ಕೆ ಏನಾಗುತ್ತದೆ ಎಂದು ಒಬ್ಬ ಪರಿಶೀಲಕ ಬರೆದುಕೊಡಬೇಕು. ಆ ಪರಿಶೀಲಕನೇ ಶಿವಕುಮಾರ.

ಅವನ ಹೆಂಡತಿ ಲಕ್ಷ್ಮೀ ಅಂಗನವಾಡಿ ಕಾರ್ಯಕರ್ತೆ. ಅತ್ತು ಕರೆದು ಮಾಡುವವಳಲ್ಲ. ಪೊಲೀಸರು ಕೈಬಿಟ್ಟ ಮೇಲೆ ಗಂಡನನ್ನು ಹುಡುಕಿಕೊಡಿ ಎಂದು ಬಂದ ಮೊದಲ ದಿನವೇ ನನ್ನೆದುರು ಕೂತು ಹೇಳಿದ್ದಳು, "ಅಕ್ಕಾರ, ಆ ವರದಿ ಖರೆ ಇದ್ರ ನಮ್ಮವ್ರು ಬದುಕ್ಯಾರ, ಆದ್ರ ಸುಳ್ಳ ಬರದಾರ. ವರದಿ ಸುಳ್ಳ ಇದ್ರ ಅವ್ರು ಖರೆ ಮನಷ್ಯಾರು, ಆದ್ರ..."

ಆ 'ಆದ್ರ'ದ ಮುಂದೆ ಏನೂ ಹೇಳಿರಲಿಲ್ಲ. ಅಂದಿನಿಂದ ನನಗೆ ಸರಿಯಾಗಿ ಊಟ ಸೇರಿರಲಿಲ್ಲ.

ಆ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ವಿನಾಯಿತಿಯ ಕೊನೆಯ ಅಹವಾಲು ಸಭೆ. ಸ್ಥಾವರ ಇರುವುದು ಮೂಡಲಗಿ ಕಡೆ, ಸಭೆ ಇಟ್ಟದ್ದು ಹುಕ್ಕೇರಿಯ ಮಂಗಲ ಕಾರ್ಯಾಲಯದಲ್ಲಿ. ಮೂಡಲಗಿಯಲ್ಲಿ ಜಾಗ ಸಾಲದಂತೆ! ಕೇಳುವವರ ಕಿವಿಗೆ ಹೂವು ಇಡುವ ಮಾತು.

ಬೆಳಿಗ್ಗೆಯೇ ಲಕ್ಷ್ಮೀ ಫೋನ್ ಮಾಡಿದ್ದಳು. "ಅಕ್ಕಾರ, ಕಂಪನಿಯವ್ರು ಕಾರ್ ಕಳಸ್ತಾರಂತ. ಮುಂದಿನ ಸಾಲಿನ್ಯಾಗ ಕುರ್ಚಿ ಇಟ್ಟಾರಂತ. ಹೋಗ್ಲೋ ಬ್ಯಾಡೋ?"

"ಹೋಗು," ಎಂದಿದ್ದೆ. "ಮುಂದಿನ ಸಾಲಿನ್ಯಾಗ ಕುಂತ್ರ ಎಲ್ಲಾ ಕಾಣ್ತೈತಿ. ಕಣ್ಣ ತೆರದ ಕೂಡು."

ಈಗ ನನಗೆ ಬೇಕಿದ್ದದ್ದು ಒಂದೇ ಕಾಗದ. ಮಸಗುಪ್ಪಿಯ ಒಬ್ಬ ರೈತ, ನಮ್ಮಲ್ಲಿ ತಾಲೀಮು ಆಗಿಲ್ಲ, ಸೋಮವಾರ ನಾವು ಎತ್ತು ಹೂಡುವುದಿಲ್ಲ ಎಂದು ಬರೆದುಕೊಟ್ಟರೆ ಸಾಕು. ವರದಿ ಕಟ್ಟುಕಥೆ ಎಂದು ಸಭೆಯಲ್ಲೇ ಸಾಬೀತಾಗುತ್ತದೆ. ಶಿವಕುಮಾರನ ಕಡತ ಮತ್ತೆ ತೆರೆಯಲೇಬೇಕಾಗುತ್ತದೆ.

* * *

ನಬಿಸಾಬ ತನ್ನ ಟಂಟಂ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ. ನಾನು ಠಾಣೆಯಲ್ಲಿದ್ದಾಗ ಅವನು ನಮ್ಮ ಜೀಪಿನ ಡ್ರೈವರ್. ಇಬ್ಬರೂ ಒಂದೇ ವರ್ಷ ನಿವೃತ್ತರಾದೆವು, ಇಬ್ಬರಿಗೂ ಮನೆಯಲ್ಲಿ ಕೂರಲು ಬರುವುದಿಲ್ಲ.

"ಅಕ್ಕಾ, ಎಷ್ಟ ಖುಷಿ ಆಗೀಯಲ್ಲ ಇವತ್ತ. ಮಗನ ಮದವಿ ನಿಕ್ಕಿ ಆತೇನು?"

"ಗಾಡಿ ಹೊಡಿ ಸುಮ್ನ. ಮಸಗುಪ್ಪಿಗೆ."

ದಾರಿಯುದ್ದಕ್ಕೂ ಕಬ್ಬಿನ ಹಂಗಾಮು. ಟ್ರ್ಯಾಕ್ಟರುಗಳು ಹಿಂದೆ ಎರಡೆರಡು ಟ್ರೇಲರ್ ಡಬ್ಬಿ ಕಟ್ಟಿಕೊಂಡು ಹಾಡು ಹಚ್ಚಿ ಹೊರಟಿದ್ದವು. ನಡುವೆ ಟೈರಿನ ಎತ್ತಿನ ಗಾಡಿಗಳ ಸಾಲು. ಈ ದಿನಗಳಲ್ಲಿ ಮೂವತ್ತಲ್ಲ, ಮುನ್ನೂರು ಗಾಡಿ ಹೋದರೂ ಯಾರೂ ತಲೆಯೆತ್ತಿ ನೋಡುವುದಿಲ್ಲ.

ತೋಟದ ವಸತಿಗೆ ಮುಟ್ಟಿದಾಗ ಎರಡು ಗಂಟೆ. ಮೊದಲ ಮನೆ ಸತ್ತೆಪ್ಪನದು. ನಲವತ್ತೈದರ ಗಟ್ಟಿ ಆಳು, ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಹಿಂದೆ ಬಾಗಿಲಲ್ಲಿ ಅವನ ತಾಯಿ ಗೌರವ್ವ, ಎಂಬತ್ತರ ಮುದುಕಿ, ನನ್ನನ್ನೇ ನೋಡುತ್ತಿದ್ದಳು.

ನಾನು ವರದಿಯ ಪುಟ ತೋರಿಸಿ ವಿಷಯ ಹೇಳಿದೆ. ಸತ್ತೆಪ್ಪ ಮುಗಿಸಲೂ ಬಿಡಲಿಲ್ಲ.

"ಸುಳ್ಳ ಐತ್ರಿ ಅಕ್ಕಾರ. ಸೋಮವಾರ ಎತ್ತ ಹೂಡ್ತೀವೇನ್ರಿ ನಾವು? ಬಸವಣ್ಣನ ಮಕ್ಕಳ ನಾವು. ಎಲ್ಲಿ ಸಹಿ ಮಾಡ್ಲಿ, ಹೇಳ್ರಿ."

ಬರೆದೆ. ಸಹಿ ಮಾಡಿದ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಹುಕ್ಕೇರಿಗೆ ಒಂದೂವರೆ ತಾಸಿನ ದಾರಿ, ಸಭೆ ಮುಗಿಯುವುದರೊಳಗೆ ಮುಟ್ಟಬಹುದು. ಕಾಗದ ಮಡಚಿ ಪರ್ಸಿಗೆ ಹಾಕಿಕೊಂಡು ಟಂಟಂ ಕಡೆ ನಡೆದೆ.

ನಬಿಸಾಬ ಸ್ಟಾರ್ಟ್ ಮಾಡಿರಲಿಲ್ಲ. ಕೈ ಕಣ್ಣಿಗೆ ಅಡ್ಡ ಹಿಡಿದು ಹೊಲಗಳ ಕಡೆ ನೋಡುತ್ತಿದ್ದ.

"ಅಕ್ಕಾ, ಈ ಊರಾಗ ಇವತ್ತ ಏನ ಹಬ್ಬ?"

"ಯಾವ ಹಬ್ಬಾನೂ ಇಲ್ಲ. ಯಾಕ?"

"ಕಬ್ಬ ಕಡದ ಒಗದಾರ, ಒಣಗಾಕತ್ತೈತಿ. ಹೇರವ್ರಿಲ್ಲ. ಆ ಕಡೆ ಎಳೆ ಕಬ್ಬಿನ್ಯಾಗ ಕಸ ಮೊಣಕಾಲಮಟ ಬಂದೈತಿ, ಎಡಿ ಹೊಡಿಯವ್ರಿಲ್ಲ. ಎತ್ತ ನೋಡಿದ್ರ ಎಲ್ಲಾ ಮನಿ ಮುಂದ ಕಟ್ಟ್ಯಾವ, ಮೈ ತುಂಬಿ ನಿಂತಾವ. ಶುಕ್ರವಾರ ನಮ್ಮದ ದಿನಾ ಅಲ್ಲೇನ? ನಿಮ್ಮವ್ರು ಯಾವಾಗಿಂದ ಶುಕ್ರವಾರ ಸೂಟಿ ಮಾಡಾಕ ಹತ್ತಿದ್ರು?"

ನಾನು ತಿರುಗಿ ನೋಡಿದೆ. ಅವನು ಹೇಳಿದ್ದು ನಿಜವಾಗಿತ್ತು. ಪ್ರತಿ ಮನೆಯ ಮುಂದೆ ಒಂದು ಜೋಡಿ. ಗಾಡಿಗಳು ಮೂಕಿ ನೆಲಕ್ಕೂರಿ ನಿಂತಿದ್ದವು. ಒಂದಕ್ಕೂ ನೊಗವಿರಲಿಲ್ಲ.

ವಸತಿಯ ನಡುವೆ ಚಿಕ್ಕ ಬಸವಣ್ಣನ ಗುಡಿ. ನಡೆದು ಹೋಗಿ ನೋಡಿದೆ.

ಗುಡಿಯ ಮುಂದೆ ನೊಗಗಳನ್ನು ಒಟ್ಟಿದ್ದರು. ಕಟ್ಟಿಗೆ ಒಟ್ಟಿದಂತೆ, ಒಂದರ ಮೇಲೊಂದು. ಮೇಲೆ ವಿಭೂತಿ ಎರಚಿ, ಬಾಡಿದ ಬಿಲ್ವಪತ್ರೆ ಏರಿಸಿದ್ದರು. ನಾನು ಬೆರಳು ಮುಟ್ಟಿ ಮುಟ್ಟಿ ಎಣಿಸಿದೆ.

ಮೂವತ್ತನಾಲ್ಕು.

ಇದು ತಪ್ಪು ಒಪ್ಪಿಕೊಂಡು ಇಟ್ಟ ಕಾಣಿಕೆ. ಮಾಡಬಾರದ್ದು ಮಾಡಿದವರು ಮಾತ್ರ ದೇವರ ಮುಂದೆ ಹೀಗೆ ನೊಗ ಇಟ್ಟು ಕೈಬಿಡುತ್ತಾರೆ.

ವರದಿ ಸುಳ್ಳಾಗಿರಲಿಲ್ಲ. ಆ ಸೋಮವಾರ ಈ ಜನ ನಿಜಕ್ಕೂ ಎತ್ತು ಹೂಡಿದ್ದರು.

* * *

ಸತ್ತೆಪ್ಪನ ಮುಂದೆ ಹೋಗಿ ನಿಂತೆ. ಪರ್ಸಿನಿಂದ ಕಾಗದ ತೆಗೆದು ಅವನ ಕಣ್ಣೆದುರೇ ಎರಡು ತುಂಡು ಮಾಡಿದೆ.

"ಎತ್ತ ಹೂಡಿ ಎಷ್ಟ ದಿನಾ ಆತೋ ತಮ್ಮಾ?"

"ಕಾಲ ಕುಂಟಾಕತ್ತಾವ್ರಿ."

"ಮೂವತ್ತನಾಲ್ಕೂ ಜೋಡಿ ಕುಂಟಾಕತ್ತಾವೇನು?"

ಅವನ ಕೈಯಲ್ಲಿದ್ದ ಹಗ್ಗ ನಿಂತಿತು.

"ಗುಡಿ ಮುಂದ ನೊಗಾ ಯಾಕ ಇಟ್ಟೀರಿ?"

"ಅದು ನಮ್ಮ ಊರ ಮಾತ್ರಿ. ನಿಮಗ್ಯಾಕ ಬೇಕು? ಸಹಿ ಕೇಳಿದ್ರಿ, ಮಾಡಿದ್ನಿ. ನಡೀರಿ ಇನ್ನ."

"ಸುಳ್ಳ ಕಾಗದಕ್ಕ ಸಹಿ ಮಾಡಿದಿ. ಯಾರ ಹೆದರಿಕಿ ನಿನಗ? ಕಂಪನೀದಾ?"

"ಯಾರ ಹೆದರಿಕೀನೂ ಇಲ್ಲ!" ಸತ್ತೆಪ್ಪ ಎದ್ದು ನಿಂತ. ಧ್ವನಿ ಏರಿತು, ಅಕ್ಕಪಕ್ಕದ ಬಾಗಿಲುಗಳಲ್ಲಿ ಮುಖಗಳು ಕಾಣಿಸಿಕೊಂಡವು. "ನಾಚಿಕಿ ಐತ್ರಿ, ನಾಚಿಕಿ! ಸೋಮವಾರ ಕೊಳ್ಳ ಕಟ್ಟಿದ ಊರು ಅಂತ ನಾಕ ಊರಿಗೆ ಗೊತ್ತಾಗಬೇಕೇನು? ನಾಳಿ ನಮ್ಮ ಮನಿಗೆ ಹೆಣ್ಣ ಕೊಡವ್ರ ಯಾರು? ಆ ಮಗಾ ಮಾಡಿದ ಚಾಷ್ಟಿಗೆ ನಾವು ಪಾಪ ಹೊತ್ತೇವಿ!"

"ಯಾವ ಮಗಾ?"

ಅವನು ತುಟಿ ಕಚ್ಚಿಕೊಂಡ. ಬಾಯಿ ಜಾರಿತ್ತು.

"ಶಿವಕುಮಾರ ಅನಾಂವ," ಎಂದಳು ಗೌರವ್ವ ಬಾಗಿಲಿನಿಂದ.

"ಯವ್ವಾ, ಸುಮ್ನ ಇರ!"

"ಹದಿನೆಂಟ ದಿನಾ ಸುಮ್ನ ಇದ್ದೇನಿ. ಉಂಡದ್ದು ಮೈಗೆ ಹತ್ತವಲ್ತು." ಮುದುಕಿ ಗೋಡೆ ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕೂತಳು. "ಕೂಡ್ರ ಬಾ ತಂಗಿ. ಹೇಳ್ತೇನಿ."

ನಾನು ಅವಳ ಬಾಜೂ ಕೂತೆ. ಆಕೆ ನನ್ನ ಮುಖ ನೋಡದೆ, ಎದುರಿಗೆ ಕಟ್ಟಿದ್ದ ಕೆಂಪು ಎತ್ತನ್ನು ನೋಡುತ್ತಾ ಹೇಳಿದಳು.

"ಸೋಮವಾರ ಹನ್ನೊಂದರ ಸುಮಾರ. ಗಂಡಸರೆಲ್ಲಾ ಟ್ರ್ಯಾಕ್ಟರ ತಗೊಂಡ ಸಕ್ರಿ ಫ್ಯಾಕ್ಟರಿ ಪಾಳೇಕ ನಿಂತಿದ್ರು. ಇದ್ದವ್ರು ನಾವು, ಹೆಂಗಸರು, ಹುಡುಗರು, ಮುದುಕರು. ಅಂವಾ ಗುಡ್ಡದ ಕಡಿಂದ ಮೋಟರ್ ಸೈಕಲ್ ಹೊಡಕೋತ ಬಂದ, ಗಾಡಿ ಅಲ್ಲೇ ಒಗದ ಓಡಿ ಬಂದ. 'ಗುಡ್ಡದಾಗ ಏನೋ ಒಡದೈತಿ ಆಯೀ, ಕಣ್ಣಿಗೆ ಕಾಣೂದಿಲ್ಲ, ಮೂಗಿಗೆ ವಾಸ್ನಿ ಬರೂದಿಲ್ಲ, ಗಾಳಿ ಈ ಕಡೆ ಬೀಸಾಕತ್ತೈತಿ, ಗಾಡಿ ಹೂಡ್ರಿ, ಗೋಕಾಕದ ಹಾದಿ ಹಿಡೀರಿ' ಅಂದ."

ಸೈರನ್ ಒಂದು ಕಿಲೋಮೀಟರ್‌ಗೆ ಸಾಕು ಎಂದಿದ್ದರಲ್ಲ, ವಸತಿ ಇರುವುದು ಆರು ಕಿಲೋಮೀಟರ್ ದೂರ. ಕೂಗಲು ಸೈರನ್ ಇಲ್ಲದ ಊರಿಗೆ ಆ ಹುಡುಗನೇ ಓಡಿ ಬಂದಿದ್ದ.

"ನೀವು ಹೂಡಿದ್ರಾ?"

"ಎಲ್ಲಿ ಹೂಡ್ತೀವಿ? ಇವತ್ತ ಸೋಮವಾರ ತಮ್ಮಾ, ಸತ್ರ ಸಾಯ್ತೀವಿ ಅಂದ್ವಿ. ಅಂವಾ ಒಬ್ಬೊಬ್ಬರ ಕಾಲಿಗೆ ಬಿದ್ದ. ಬೆಲ್ಲದ ಬಾಗೇವಾಡಿ ಒಕ್ಕಲತಾನದ ಹುಡುಗ ಅಂವಾ, ಗೊತ್ತಿಲ್ಲಂತಲ್ಲ. ಕಡೀಕ ಎದ್ದ ನಿಂತ, ತಾನ ನೊಗಾ ಎತ್ತಿ ನಮ್ಮ ಕೆಂಪನ ಹೆಗಲ ಮ್ಯಾಲ ಇಟ್ಟ. 'ಆಯೀ, ಪಾಪ ನನಗಿರಲಿ, ಮಕ್ಕಳನ ಗಾಡ್ಯಾಗ ಕುಂದರಸ್ರಿ' ಅಂದ. ಆಮ್ಯಾಲ ಎಲ್ಲಾರೂ ಹೂಡಿದ್ವಿ."

"ಅಂವಾ ನಿಮ್ಮ ಜೋಡಿ ಬಂದ್ನಾ?"

"ಇಲ್ಲ. ಒಳಗ ಕೂಲಿ ಜನಾ ಅದಾರ, ಅವ್ರಿಗೂ ಯಾರೂ ಹೇಳಿಲ್ಲ ಅಂತ ತಿರುಗಿ ಗುಡ್ಡದ ಕಡೆ ಹೋದ."

ನಬಿಸಾಬ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. "ಯಾ ಅಲ್ಲಾ" ಎಂದ, ಅಷ್ಟೇ.

"ಮುಂದ?"

ಗೌರವ್ವ ಮಗನ ಕಡೆ ನೋಡಿದಳು. ಸತ್ತೆಪ್ಪನೇ ಬಾಯಿಬಿಟ್ಟ.

"ಸಂಜಿಕ್ಕ ನಾವು ಗಂಡಸರು ಬಂದ್ವಿ. ರಾಜಪ್ಪ ಅವ್ರು ಜೀಪ ತಗೊಂಡ ಹೋಗಿ, ಗೋಕಾಕದ ಹಾದ್ಯಾಗಿಂದ ಗಾಡಿ ಎಲ್ಲಾ ವಸತಿಗೆ ತಿರುಗಿಸಿ ತಂದಿದ್ರು."

ಕಣಗಲಾ ಊರಿನ ಈ ರಾಜಪ್ಪ ಕಂಪನಿಯ ಜನಸಂಪರ್ಕದವನು. ಹಣೆ ತುಂಬ ವಿಭೂತಿ, ಬಾಯಿ ತುಂಬ ಶರಣು. ಈ ಕಡೆಯ ಹಳ್ಳಿಗಳಲ್ಲಿ ಅವನ ಮಾತೆಂದರೆ ಮಠದ ಮಾತು ಎನ್ನುವಷ್ಟು ನಂಬಿಕೆ.

"'ಏನೂ ಆಗಿಲ್ಲ, ಅದು ಬರೇ ತಾಲೀಮು, ನಿಮ್ಮನ್ನ ಓಡಸಿ ನೋಡಿದ್ದು ಆ ಶಿವಕುಮಾರ' ಅಂದ್ರು. ನಮ್ಮ ರಕ್ತಾ ಕುದೀತ್ರಿ. ತಾಲೀಮಿನ ಸಂಬಂಧ, ಒಂದ ಆಟದ ಸಂಬಂಧ ನಮ್ಮ ಎತ್ತಿನ ಮ್ಯಾಲ ಸೋಮವಾರ ನೊಗಾ ಇಡಿಸಿದ್ನಲ್ಲ ಅಂತ. ಆಗ ಅಂವಾ ಬಂದ. ನಡಕೋತ."

"ಹೆಂಗಿದ್ದ?"

"ಮಾರಿ ಕೆಂಪಗ ಸುಟ್ಟಂಗ ಆಗಿತ್ತು. ಹೆಜ್ಜಿಗೊಮ್ಮೆ ವಾಂತಿ ಮಾಡಾಕತ್ತಿದ್ದ. ಕುಡದಾನ ಅಂದ್ವಿ ಎಲ್ಲಾರೂ. 'ತಾಲೀಮ ಅಲ್ಲ, ಖರೇನ ಆಗೈತಿ, ಬಾವಿ ನೀರ ಕುಡೀಬ್ಯಾಡ್ರಿ' ಅಂತ ಒದರಾಕತ್ತಿದ್ದ. ನಾ..."

ಅವನು ತನ್ನ ಬಲಗೈ ನೋಡಿಕೊಂಡ.

"ನಾ ಅವನ ಕಪಾಳಕ್ಕ ಹೊಡದೆ. ನಾಕ ಮಂದಿ ಹಿಡದ ಎತ್ತಿ ರಾಜಪ್ಪನ ಜೀಪಿಗೆ ಹಾಕಿದ್ವಿ."

ಸಾವಿರ ಜಗಳ ನೋಡಿದ್ದೇನೆ, ಕೊಲೆಗಾರರ ಜೊತೆ ಚಹಾ ಕುಡಿದಿದ್ದೇನೆ. ಆದರೆ ತಮ್ಮನ್ನು ಉಳಿಸಿದವನನ್ನು ಇಷ್ಟು ಪ್ರಾಮಾಣಿಕವಾಗಿ, ದೇವರ ಹೆಸರಿನಲ್ಲಿ, ಕೊರಳಿಗೆ ಹಗ್ಗ ಹಾಕುವ ಕೈಗೇ ಒಪ್ಪಿಸಿದ ಜನರನ್ನು ನಾನು ಮೊದಲ ಸಲ ನೋಡುತ್ತಿದ್ದೆ. ರಾಜಪ್ಪನಿಗೆ ಸೋಮವಾರ ಏನೆಂದು ಗೊತ್ತಿತ್ತು. ಯಾವ ಮಾತು ಹೇಳಿದರೆ ಈ ಜನ ನಾಚಿಕೆಯಿಂದ ಬಾಯಿ ಹೊಲಿದುಕೊಳ್ಳುತ್ತಾರೆ ಎಂಬುದೂ ಗೊತ್ತಿತ್ತು. ನಿಜವಾದ ಓಟವನ್ನೇ ತಾಲೀಮು ಎಂದು ವರದಿಯಲ್ಲಿ ಬರೆದು ವಿನಾಯಿತಿಗೆ ಆಧಾರ ಮಾಡಿಕೊಂಡಿದ್ದರು. ಯಾರಾದರೂ ಬಂದು ಕೇಳಿದರೆ ಎತ್ತು ಹೂಡಿಯೇ ಇಲ್ಲ ಎಂದು ಊರಿಗೆ ಊರೇ ಹೇಳುತ್ತದೆ, ಆ ಮಾತು ನಂಬಿ ಸಭೆಗೆ ಹೋದವನು ಪರಿಶೀಲಕನ ಸಹಿಯೆದುರು ಹುಚ್ಚನಾಗುತ್ತಾನೆ. ನಾನೇ ಆಗಿಬಿಡುತ್ತಿದ್ದೆ.

"ಜೀಪ ಯಾ ಕಡೆ ಹೋತು?"

"ಹುಕ್ಕೇರಿ ಹಾದಿ. ಕಣಗಲಾದಾಗ ತಮ್ಮ ಮನ್ಯಾಗ ಇಟ್ಕೊಂಡ ಬುದ್ಧಿ ಹೇಳ್ತೇನಿ ಅಂದ್ರು."

"ಜೀಪಿಗೆ ಹಾಕೂ ಮೊದಲ ಕೆಂಪನ ಕೊರಳ ಹಿಡಕೊಂಡ ಅತ್ತ," ಎಂದಳು ಗೌರವ್ವ. "ಭಾಳೊತ್ತು ಬಿಡಲಿಲ್ಲ. ಕ್ಷಮಾ ಕೇಳಾಕತ್ತಾನ, ಕೇಳ್ಲಿ ಅಂತ ನಮ್ಮವ್ರೂ ಸುಮ್ನ ನಿಂತ್ರು."

ಕ್ಷಮೆ? ಬೆಳಿಗ್ಗೆ ನೊಗ ಇಡುವಾಗಲೇ ಪಾಪ ನನಗಿರಲಿ ಎಂದು ಲೆಕ್ಕ ಮುಗಿಸಿದವನು, ವಾಂತಿ ಮಾಡಿಕೊಳ್ಳುತ್ತಾ, ನಾಲ್ಕು ಜನ ಎಳೆಯುತ್ತಿರುವಾಗ, ಎತ್ತಿನ ಕೊರಳನ್ನು ಯಾಕೆ ಅಷ್ಟು ಹೊತ್ತು ಹಿಡಿದುಕೊಂಡ?

"ಆಮ್ಯಾಲ ಯಾರಾದ್ರೂ ಎತ್ತಿನ ಮೈ ತೊಳದೀರಾ? ಗಂಟಿ ಸರಾ ಬಿಚ್ಚೀರಾ?"

"ಇಲ್ಲ. ತಪ್ಪ ಬಗಿಹರಿಯೂತನಕ ಮೇವು ನೀರು ಬಿಟ್ರ ಏನೂ ಮುಟ್ಟಬಾರದು ಅಂತ ದೈವದವ್ರು, ಊರ ಹಿರ್ಯಾರು, ಹೇಳ್ಯಾರ."

ನಾನು ಎದ್ದು ಕೆಂಪನ ಹತ್ತಿರ ಹೋದೆ. ದೊಡ್ಡ ಕಣ್ಣಿನ ಸಾಧು ಪ್ರಾಣಿ, ಮೂಗು ನನ್ನ ಸೀರೆಗೆ ಒರೆಸಿತು. ಕೊರಳಿನ ಗಂಟೆಸರದಲ್ಲಿ ಹನ್ನೆರಡು ಹಿತ್ತಾಳೆ ಗಂಟೆ. ಆರು ಮತ್ತು ಏಳನೆಯದರ ನಡುವೆ, ದೂಳಿನ ಒಳಗೆ, ಹಸಿರು ಬಟ್ಟೆಯ ಚೂರು.

ಹಸಿರು ಖಣದ ಬಟ್ಟೆಯ ಪುಟ್ಟ ಚೀಲ. ನನ್ನ ಪರ್ಸಿನಲ್ಲೂ ಅಂಥದ್ದೇ ಒಂದಿತ್ತು.

ಅದನ್ನು ಕೊಟ್ಟವಳು ಲಕ್ಷ್ಮೀ. ವಿಕಿರಣ ತಾಗಿದರೆ ಬಣ್ಣ ಬದಲಾಗುವ ಬಿಲ್ಲೆಗಳನ್ನು ಶಿವಕುಮಾರ ಕೆಲಸಕ್ಕೆಂದು ತರಿಸಿದ್ದ. ಅಂಚೆ ಚೀಟಿಗಿಂತ ಚೂರು ದೊಡ್ಡದು, ನಡುವೆ ಒಂದು ಪಟ್ಟಿ. ಹೊಸದಿದ್ದಾಗ ತಿಳಿ ಹಳದಿ. ತಾಗಿದಷ್ಟೂ ನೀಲಿಗೆ ತಿರುಗುತ್ತದೆ. ಜೇಬಿನಲ್ಲಿ ಕಳೆದುಕೊಳ್ಳುತ್ತಾನೆಂದು ಲಕ್ಷ್ಮೀ ತನ್ನ ಹಳೆಯ ಕುಪ್ಪಸದ ಬಟ್ಟೆಯಲ್ಲಿ ಎರಡು ಚೀಲ ಹೊಲಿದಿದ್ದಳು. ಒಂದನ್ನು ಅವನು ಕೊರಳಲ್ಲಿ ಶಿವದಾರದ ಜೊತೆ ಕಟ್ಟಿಕೊಳ್ಳುತ್ತಿದ್ದ. ಇನ್ನೊಂದನ್ನು ಗುರುತಿಗೆ ಇರಲೆಂದು ನನಗೆ ಕೊಟ್ಟಿದ್ದಳು.

"ಕೈಲೆ ಮುಟ್ಟಬ್ಯಾಡ ಅಕ್ಕಾ!" ನಬಿಸಾಬ ಓಡಿಬಂದು ಪ್ಲಾಸ್ಟಿಕ್ ಚೀಲ ಕೊಟ್ಟ. ಅದನ್ನೇ ಕೈಗೆ ಸುತ್ತಿಕೊಂಡು ಗಂಟು ಬಿಚ್ಚಿದೆ. ಬಿಲ್ಲೆ ಜಾರಿ ಪ್ಲಾಸ್ಟಿಕ್ಕಿನೊಳಗೆ ಬಿತ್ತು.

ನನ್ನ ಹೊಸ ಬಿಲ್ಲೆಯನ್ನು ಬಾಜೂ ಹಿಡಿದು ನೋಡಿದೆ. ಒಂದು ತಿಳಿ ಹಳದಿ. ಇನ್ನೊಂದು ನೀಲಿಯೂ ಅಲ್ಲ, ಬಹುಮಟ್ಟಿಗೆ ಕಪ್ಪು.

ಲಕ್ಷ್ಮೀ ಹೇಳಿದ್ದು ನೆನಪಾಯಿತು. "ಪೂರಾ ನೀಲಿ ಆದ್ರ ಹಾಕ್ಕೊಂಡವ್ರು ಅಷ್ಟೊತ್ತಿಗೆ ದೊಡ್ಡ ದವಾಖಾನ್ಯಾಗ ಇರಬೇಕಂತ್ರಿ." ಕಪ್ಪಾದರೆ ಏನು ಎಂದು ನಾನು ಕೇಳಿರಲಿಲ್ಲ.

ಅವನು ಅತ್ತದ್ದಲ್ಲ. ಕೊರಳಿಂದ ಬಿಲ್ಲೆ ಬಿಚ್ಚಿ, ರಾಜಪ್ಪ ಯಾವತ್ತೂ ಹುಡುಕಲಾರದ ಜಾಗದಲ್ಲಿ ಸಾಕ್ಷಿ ಕಟ್ಟಿ ಹೋಗಿದ್ದ. ಈ ಜನ ತಪ್ಪು ಬಗೆಹರಿಯುವತನಕ ಆ ಎತ್ತನ್ನು ಮುಟ್ಟುವುದಿಲ್ಲ ಎಂದು ಒಕ್ಕಲುತನದ ಹುಡುಗನಿಗೆ ಗೊತ್ತಿತ್ತು.

ಸತ್ತೆಪ್ಪನಿಗೆ ಎರಡೂ ಬಿಲ್ಲೆ ತೋರಿಸಿ ಅರ್ಥ ಹೇಳಿದೆ. ಅವನು ಪೂರ್ತಿ ಕೇಳಿದ. ಆಮೇಲೆ ತಾನು ಹೊಡೆದ ಕೈಯನ್ನು ಕಟ್ಟೆಯ ಕಲ್ಲಿಗೆ ಒಂದೇ ಸಮ ಬಡಿಯತೊಡಗಿದ. ತಾಯಿ ಹಿಡಿದುಕೊಂಡರೂ ಬಿಡಲಿಲ್ಲ.

"ಯಾರಿಗೆ ಹೇಳಬೇಕ್ರಿ? ಎಲ್ಲಿ ಹೇಳಬೇಕ್ರಿ ಅಕ್ಕಾರ? ಹುಡುಗರು ಅದ ಬಾವಿ ನೀರ ಕುಡದಾರ್ರಿ!"

"ಹುಕ್ಕೇರ್ಯಾಗ. ಈಗ್ಲೇ. ಟಂಟಂ ಹತ್ತು."

ಆಗ ನನ್ನ ಫೋನ್ ರಿಂಗಾಯಿತು. ಮೂರೂವರೆ ಗಂಟೆ. ಲಕ್ಷ್ಮೀ.

"ಅಕ್ಕಾರ..." ಅವಳು ಪಿಸುಗುಡುತ್ತಿದ್ದಳು. ಹಿಂದೆ ಜನರ ಗದ್ದಲ. "ಅವ್ರು ಬಂದಾರ್ರಿ."

"ಯಾರು?"

"ನಮ್ಮವ್ರು. ಸ್ಟೇಜ್ ಮ್ಯಾಲ ಕುಂತಾರ್ರಿ. ತಲೀಗೆ ಟೊಪಗಿ ಹಾಕ್ಯಾರ, ಈಗ ತಗದ್ರು, ತಲಿ ಮ್ಯಾಲ ಕೂದಲಾ ಗುಂಪಗುಂಪ ಉದರ್ಯಾವ್ರಿ. ಕೈಗೆ ಬಿಳೆ ಬಟ್ಟಿ ಸುತ್ಯಾರ. ನನ್ನ ನೋಡಿದ್ರು ಅಕ್ಕಾರ. ನೋಡಿ ಮಾರಿ ತಿರುವಿದ್ರು."

ಬದುಕಿದ್ದ!

"ಫೋನ್ ಆ ಕಡೆ ಹಿಡಿ, ಲಕ್ಷ್ಮೀ. ಅಂವಾ ಏನ ಹೇಳ್ತಾನ ಕೇಳಬೇಕು." ಸ್ಪೀಕರ್ ಹಚ್ಚಿದೆ. ಸತ್ತೆಪ್ಪ, ಗೌರವ್ವ, ನಬಿಸಾಬ ಮೂವರೂ ಹತ್ತಿರ ಬಂದರು.

ಮೈಕಿನಲ್ಲಿ ಒಂದು ಧ್ವನಿ. ದಣಿದ, ಒಣಗಿದ ಧ್ವನಿ. ಎರಡು ಮಾತಿಗೊಮ್ಮೆ ನಿಲ್ಲುತ್ತಿತ್ತು.

"ವರದಿ ನಾನೇ ಬರೆದದ್ದು. ಮಸಗುಪ್ಪಿಯಲ್ಲಿ ಸೋಮವಾರ ನಡೆದದ್ದು ತಾಲೀಮು. ಎತ್ತು ಹೂಡಿಸಿದವನು ನಾನೇ. ವಿನಾಯಿತಿಯಿಂದ... ಯಾವ ಹಾನಿಯೂ ಇಲ್ಲ. ಇದರಲ್ಲಿ ತಪ್ಪಿದ್ದರೆ, ಪಾಪ ನನಗಿರಲಿ."

ಸಭೆಯಲ್ಲಿ ಚಪ್ಪಾಳೆ ಬಿತ್ತು.

ಗೌರವ್ವ ನನ್ನ ತೋಳು ಗಟ್ಟಿಯಾಗಿ ಹಿಡಿದಳು. "ಅಂವನ ತಂಗಿ, ಅಂವನ! ಆ ದಿನಾ ನೊಗಾ ಇಡೂ ಮುಂದೂ ಹಿಂಗ ಅಂದಿದ್ದ. ಮಾಡಬಾರದ್ದು ಮಾಡಾಕತ್ತೇನಿ, ಬ್ಯಾರೆ ಹಾದಿ ಇಲ್ಲ ಅಂತ ಗೊತ್ತಿದ್ದ ಅಂದಿದ್ದ."

ಅಂದು ಇನ್ನೂರ ಹನ್ನೆರಡು ಜನರ ಜೀವ ಉಳಿಸಲು ಆ ಮಾತು ಹೇಳಿದ್ದ. ಇಂದು ಯಾರ ಜೀವ ಉಳಿಸಲು ಹೇಳುತ್ತಿದ್ದಾನೆ?

"ಅಕ್ಕಾರ," ಫೋನಿನಲ್ಲಿ ಲಕ್ಷ್ಮೀಯ ಪಿಸುಮಾತು ಮತ್ತೆ ಬಂತು. "ಸಭಾ ಮುಗೀತಂತ. ಕಾರಿನ್ಯಾಗ ಮನೀಗೆ ಬಿಡ್ತೀವಿ ಅನ್ನಾಕತ್ತಾರ. ಶುರುವಿನಿಂದ ನನ್ನ ಬಾಜೂ ಕುರ್ಚಿದಾಗ ಕಂಪನಿಯವ್ರ ಒಬ್ರು ಕುಂತಾರ್ರಿ, ಭಾಳ ಒಳ್ಳೇವ್ರು, ಹೆಗಲ ಮ್ಯಾಲ ಕೈ ಇಟ್ಟ ಸಮಾಧಾನ ಹೇಳಾಕತ್ತಾರ. ರಾಜಪ್ಪ ಅಂತ."

"ಲಕ್ಷ್ಮೀ, ಆ ಕಾರ್ ಹತ್ತಬ್ಯಾಡ! ಕೇಳಾಕತ್ತಿಯೇನ? ಲಕ್ಷ್ಮೀ!"

ಫೋನ್ ಕಡಿದಿತ್ತು. ಮತ್ತೆ ಹಚ್ಚಿದರೆ ಬಂದ್ ಆಗಿತ್ತು.

ಮುಂದಿನ ಸಾಲಿನಲ್ಲಿ, ಗಂಡನ ಕಣ್ಣಿಗೆ ಕಾಣುವ ಹಾಗೆ, ಆ ಕುರ್ಚಿಯಲ್ಲಿ ಹೋಗಿ ಕೂತುಕೋ ಎಂದು ಅವಳಿಗೆ ಹೇಳಿದವಳು ನಾನೇ.